ನೀರ ಮೇಲೆ ಹೊಂಚು ಕೂರುವ ಜೇಡ

ಜೇಡವೆಂದೊಡನೆ ಕಣ್ಮುಂದೆ ಬರುವುದು ಮನೆಯ ಸೂರಿನ ಮೂಲೆ, ಅಲ್ಲಿ ಜೋತುಬಿದ್ದ ಬಲೆ, ಬಲೆಯ ನಡುವೆ ಅಲುಗದೆ ಕುಳಿತ ಎಂಟು ಕಾಲಿನ ಪ್ರಾಣಿ. ಹಬ್ಬ ಹತ್ತಿರ ಬಂತೆಂದರೆ ಉದ್ದ ಗಳಕ್ಕೆ ಪೊರಕೆ ಕಟ್ಟಿ ಆ ಬಲೆಯನ್ನು ತೆಗೆದುಹಾಕುವುದು ಮನೆಮನೆಯಲ್ಲಿಯೂ ನಡೆಯುವ ಕೆಲಸ. ಆದರೆ ಸೂರನ್ನೇ ಕಾಣದ, ಬೇಟೆಗಾಗಿ ಬಲೆಯನ್ನೇ ನೇಯದ ಜೇಡಗಳೂ ಲೋಕದಲ್ಲಿ ಎಷ್ಟೋ ಇವೆ. ಅವುಗಳಲ್ಲಿ ಒಂದು ಗುಂಪು ನೀರಿನ ಅಂಚನ್ನು ನೆಚ್ಚಿಕೊಂಡು ಬದುಕುತ್ತದೆ. ಕೊಳದ ಮೇಲ್ಮೈಯೇ ಆ ಗುಂಪಿಗೆ ಬಲೆ. ಅದರ ಮೇಲೆ ಏಳುವ ಸಣ್ಣ ಸಣ್ಣ ಅಲೆಗಳೇ ಬಲೆಯ ಎಳೆಗಳು.

ಈ ಗುಂಪಿಗೆ ಸೇರಿದ, ಇಂಗ್ಲೆಂಡಿನ ಜೌಗು ನೆಲದಲ್ಲಿ ಬಾಳುವ ಜೇಡವೊಂದರ ಕಥೆ ತಿಳಿಯತಕ್ಕದ್ದಾಗಿದೆ. ಇಂಗ್ಲಿಷರು ಅದನ್ನು ‘ಫೆನ್ ರಾಫ್ಟ್ ಸ್ಪೈಡರ್’ ಎಂದು ಕರೆಯುತ್ತಾರೆ. ‘ಫೆನ್’ ಎಂದರೆ ಜೌಗು, ‘ರಾಫ್ಟ್’ ಎಂದರೆ ತೆಪ್ಪ; ಆದುದರಿಂದ ಕನ್ನಡದಲ್ಲಿ ಅದನ್ನು ತೆಪ್ಪಜೇಡ ಎನ್ನಬಹುದು. ಎಲೆಗಳನ್ನು ನೂಲಿನಿಂದ ಬಿಗಿದು ತೆಪ್ಪ ಕಟ್ಟಿಕೊಂಡು, ಅದರ ಮೇಲೆ ಕುಳಿತು ಈ ಬಗೆಯ ಜೇಡಗಳು ತೇಲಿ ಹೋಗುತ್ತವೆ ಎಂದು ಹಿಂದಿನ ಕಾಲದ ಪುಸ್ತಕಗಳು ವರ್ಣಿಸುತ್ತಿದ್ದವು. ಅದು ಬರಿಯ ಕಲ್ಪನೆ. ಹೆಸರು ಮಾತ್ರ ಉಳಿದುಕೊಂಡಿದೆ. ಈ ಜೇಡ ಬ್ರಿಟನ್ನಿನಲ್ಲಿ ಪತ್ತೆಯಾದ ಐವತ್ತು ವರ್ಷಗಳೊಳಗೆ ಅಳಿವಿನ ಅಂಚನ್ನು ಮುಟ್ಟಿತು. ಆಮೇಲೆ ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು. ಅಳಿವು ಉಳಿವುಗಳೆರಡರ ಬೇರೂ ಒಂದೇ ವಸ್ತುವಿನಲ್ಲಿತ್ತು: ಅದು ಜನರ ಮನೆಯ ನಲ್ಲಿಗೆ ಬರುವ ನೀರು.

ನೀರೇ ಬಲೆ

ಬ್ರಿಟನ್ನಿನ ಜೇಡಗಳ ಪೈಕಿ ತೆಪ್ಪಜೇಡವು ಗಾತ್ರದಲ್ಲಿ ಬಹು ದೊಡ್ಡದು. ಬಲಿತ ಹೆಣ್ಣಿನ ಮೈ ೨ ಸೆಂಟಿಮೀಟರಿಗಿಂತ ತುಸು ಹೆಚ್ಚು ಉದ್ದವಿರುತ್ತದೆ. ಕಾಲುಗಳನ್ನೂ ಚಾಚಿದಾಗ ಅಡ್ಡಗಲ ಸುಮಾರು ೭ ಸೆಂಟಿಮೀಟರು. ಕಂದು ಇಲ್ಲವೆ ಕಪ್ಪು ಬಣ್ಣದ ಮೈಯ ಎರಡು ಪಕ್ಕಗಳಲ್ಲಿಯೂ ಸಾಮಾನ್ಯವಾಗಿ ಒಂದೊಂದು ಕೆನೆಬಣ್ಣದ ಪಟ್ಟೆ ಹರಿದಿರುತ್ತದೆ. ಬೇಸಗೆಯ ಬಿಸಿಲಿನಲ್ಲಿ ಅದು ನೀರಿನಿಂದ ಮೇಲೆದ್ದ ಜೊಂಡಿನ ದಂಟಿಗೆ ಹಿಂಗಾಲುಗಳನ್ನು ಊರಿ, ಮುಂಗಾಲುಗಳನ್ನು ನೀರಿನ ಮೇಲೆ ಹಗುರವಾಗಿ ಚಾಚಿ, ಗಂಟೆಗಟ್ಟಲೆ ಕಾಯುತ್ತ ಕೂರುತ್ತದೆ. ನೋಡುವವರಿಗೆ ಅದು ನಿದ್ರಿಸುತ್ತಿರುವಂತೆ ಕಾಣಬಹುದು. ನಿಜವಾಗಿ ಆಗ ಅದರ ಇಂದ್ರಿಯಗಳೆಲ್ಲ ಎಚ್ಚೆತ್ತು ಕಾಲುಗಳ ತುದಿಯಲ್ಲಿ ನೆಲೆಸಿರುತ್ತವೆ.

ಕಾಲು ನೀರಿನಲ್ಲಿ ಮುಳುಗುವುದಿಲ್ಲವೇಕೆ? ಲೋಟದ ತುಂಬ ನೀರು ತುಂಬಿ, ಒಣಗಿದ ಹೊಲಿಗೆಯ ಸೂಜಿಯೊಂದನ್ನು ಅದರ ಮೇಲೆ ಮೆಲ್ಲಗೆ ಅಡ್ಡಲಾಗಿ ಇರಿಸಿದರೆ ಸೂಜಿ ತೇಲುತ್ತದೆ. ಉಕ್ಕು ನೀರಿಗಿಂತ ಭಾರವಾದರೂ ನೀರಿನ ಮೇಲ್ಪದರವು ಬಿಗಿದು ಕಟ್ಟಿದ ತೆಳುವಾದ ಪೊರೆಯಂತೆ ಅದನ್ನು ಹೊತ್ತುಕೊಳ್ಳುತ್ತದೆ. ಇದನ್ನೇ ಮೇಲ್ಮೈ ಎಳೆತವೆಂದು ಶಾಲೆಯ ಮಕ್ಕಳು ಪಾಠದಲ್ಲಿ ಓದುತ್ತಾರೆ. ತೆಪ್ಪಜೇಡದ ಕಾಲುಗಳನ್ನು ನೀರು ಅಂಟದಂಥ ನವುರಾದ ಕೂದಲು ದಟ್ಟವಾಗಿ ಮುಸುಕಿದೆ. ಆದುದರಿಂದ ಪ್ರತಿಯೊಂದು ಕಾಲಿನ ಕೆಳಗೂ ನೀರು ಹರಿಯದೆ, ದಿಂಬಿನಂತೆ ತುಸು ಕುಸಿದು ಕುಳಿ ಬೀಳುತ್ತದೆ. ಆ ಕುಳಿಗಳೇ ಜೇಡದ ಭಾರವನ್ನು ತಾಳುತ್ತವೆ.

ಅದು ನಡೆಯುವ ರೀತಿಯೂ ಸೋಜಿಗದ್ದು. ತೆಪ್ಪಜೇಡದ ಕುಲಕ್ಕೆ ಸೇರಿದ ಅಮೆರಿಕದ ಜೇಡವೊಂದನ್ನು ಪರೀಕ್ಷಿಸಿದ ವಿಜ್ಞಾನಿಗಳು ೧೯೯೯ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅವಸರವಿಲ್ಲದಾಗ ಜೇಡವು ನಡುವಣ ಕಾಲುಗಳನ್ನು ಹುಟ್ಟುಗಳಂತೆ ಹಿಂದಕ್ಕೆ ಬೀಸಿ ದೋಣಿಯ ಹಾಗೆ ಸಾಗುತ್ತದೆ. ಕಾಲಿನ ಜೊತೆಗೆ ಅದರ ಕೆಳಗಿನ ಕುಳಿಯೂ ಸರಿದು ನೀರನ್ನು ತಳ್ಳುವುದರಿಂದ ಮೈ ಮುಂದೆ ಜಾರುತ್ತದೆ. ಆದರೆ ಕಾಲು ಬಹಳ ಬೇಗ ಬೀಸಿದರೆ ಕುಳಿ ಒಡೆದುಹೋಗಿ ಹಿಡಿತ ತಪ್ಪುತ್ತದೆ. ಆದುದರಿಂದ ಓಡಬೇಕಾಗಿ ಬಂದಾಗ ಅದು ಹುಟ್ಟು ಹಾಕುವುದನ್ನು ಬಿಟ್ಟು, ಕುದುರೆಯಂತೆ ಕಾಲೆತ್ತಿ ನೀರನ್ನು ಒದೆಯುತ್ತ ನಾಗಾಲೋಟದಿಂದ ಹೋಗುತ್ತದೆ. ಗಾಳಿ ಬೀಸುತ್ತಿದ್ದರೆ ಈ ಬಗೆಯ ಜೇಡಗಳು ಕಾಲೆತ್ತಿ ಹಾಯಿಯಂತೆ ಹಿಡಿದು, ಶ್ರಮವಿಲ್ಲದೆ ಆಚೆ ದಡವನ್ನು ಸೇರುವುದೂ ಉಂಟು.

ಇಷ್ಟಾದರೂ ಬೇಟೆಯ ಗುಟ್ಟಿರುವುದು ಓಟದಲ್ಲಲ್ಲ, ಆಲಿಸುವುದರಲ್ಲಿ. ಕೊಳದ ಮೇಲೆ ಅಲೆಗಳಿಗೇನು ಕೊರತೆ? ಗಾಳಿ ಬೀಸಿದರೆ ಅಲೆ, ಎಲೆ ಉದುರಿದರೆ ಅಲೆ, ಕಪ್ಪೆ ಹಾರಿದರೆ ಅಲೆ. ಇವೆಲ್ಲಕ್ಕೂ ಎದ್ದು ಓಡಿದರೆ ಜೇಡಕ್ಕೆ ದಣಿವೇ ಹೊರತು ಊಟವಿಲ್ಲ. ಗಾಳಿಯ ಅಲೆಗಳು ನಿಧಾನದವು. ನೀರಿಗೆ ಬಿದ್ದು ರೆಕ್ಕೆ ಬಡಿಯುವ ನೊಣ ಎಬ್ಬಿಸುವ ಕಂಪನವಾದರೋ ಸಣ್ಣದು, ಬಿರುಸಾದದ್ದು, ಏರುಪೇರಾದದ್ದು. ಈ ವ್ಯತ್ಯಾಸವನ್ನು ಕಾಲಿನಲ್ಲಿರುವ ಸೂಕ್ಷ್ಮವಾದ ಸೀಳುಗಳೂ ಕೂದಲುಗಳೂ ಗುರುತಿಸುತ್ತವೆ. ಯಾವ ಕಾಲಿಗೆ ಅಲೆ ಮೊದಲು ತಾಗಿತೆಂಬುದರಿಂದ ದಿಕ್ಕು ತಿಳಿಯುತ್ತದೆ. ತಿಳಿದ ಮರುಗಳಿಗೆಯಲ್ಲೇ ಜೇಡವು ಬೇಟೆಯ ಮೇಲೆ ಎರಗಿರುತ್ತದೆ. ಈ ಕುಲಕ್ಕೆ ಇಟ್ಟಿರುವ ‘ಡಾಲೊಮಿಡೀಸ್’ ಎಂಬ ಶಾಸ್ತ್ರೀಯ ನಾಮಕ್ಕೆ ಗ್ರೀಕ್ ಭಾಷೆಯಲ್ಲಿ ‘ಕಪಟಿ’, ‘ತಂತ್ರಗಾರ’ ಎಂಬ ಅರ್ಥ ಬರುತ್ತದೆ. ಹೆಸರಿಟ್ಟವರು ಪ್ರಾಣಿಯನ್ನು ಚೆನ್ನಾಗಿ ನೋಡಿಯೇ ಇಟ್ಟಿರಬೇಕು.

ಮೀನಿಗೂ ಮೃತ್ಯು

ನೀರ ಮೇಲೆ ಜಾರುವ ಕೀಟಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು, ಕಪ್ಪೆಯ ಗೊದಮೊಟ್ಟೆಗಳು, ಇವು ತೆಪ್ಪಜೇಡದ ದಿನದ ಆಹಾರ. ಆಗಾಗ ಸಣ್ಣ ಮೀನೂ ಅದಕ್ಕೆ ಸಿಕ್ಕುವುದುಂಟು. ಬೆನ್ನೆಲುಬಿಲ್ಲದ ಜೇಡವು ಬೆನ್ನೆಲುಬಿರುವ ಮೀನನ್ನು ಹಿಡಿದು ತಿನ್ನುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಮಾರ್ಟಿನ್ ನೈಫೆಲರ್ ಮತ್ತು ಬ್ರಾಡ್ಲಿ ಪ್ಯೂಸಿ ಎಂಬ ಇಬ್ಬರು ವಿಜ್ಞಾನಿಗಳು ಜಗತ್ತಿನ ನಾನಾ ಕಡೆಗಳಿಂದ ಇಂಥ ಪ್ರಸಂಗಗಳನ್ನು ಕಲೆಹಾಕಿ ೨೦೧೪ರಲ್ಲಿ ಪ್ರಕಟಿಸಿದರು. ಅಂಟಾರ್ಕ್ಟಿಕಾ ಒಂದನ್ನುಳಿದು ಎಲ್ಲ ಖಂಡಗಳಲ್ಲಿಯೂ ಮೀನು ಹಿಡಿಯುವ ಜೇಡಗಳಿವೆಯೆಂದು ಅದರಿಂದ ಗೊತ್ತಾಯಿತು. ಸಿಕ್ಕಿದ ಮೀನು ಸರಾಸರಿಯಲ್ಲಿ ಜೇಡದ ಮೈಯ ಎರಡರಷ್ಟಕ್ಕಿಂತಲೂ ಉದ್ದವಾಗಿತ್ತು. ಭಾರತದಲ್ಲಿಯೂ ‘ನೈಲಸ್’ ಎಂಬ ಕುಲದ ಜೇಡಗಳು ತೊರೆ ಕೊಳಗಳ ಅಂಚಿನಲ್ಲಿ ಕುಳಿತು, ನೀರಿಗೆ ಕಾಲು ಚಾಚಿ ಇದೇ ರೀತಿ ಹೊಂಚು ಹಾಕುತ್ತವೆ.

ಮೀನು ಸಿಕ್ಕಿದರೂ ಅದನ್ನು ನೀರಿನಲ್ಲಿಯೇ ತಿನ್ನುವಂತಿಲ್ಲ. ಜೇಡಕ್ಕೆ ಅಗಿಯುವ ಹಲ್ಲುಗಳಿಲ್ಲ. ಬೇಟೆಯ ಮೇಲೆ ಜೀರ್ಣರಸವನ್ನು ಸುರಿಸಿ, ಮಾಂಸವನ್ನು ಕರಗಿಸಿ, ಆಮೇಲೆ ಹೀರಿಕೊಳ್ಳಬೇಕು. ನೀರಿನಲ್ಲಿ ಆ ರಸ ತೆಳುವಾಗಿ ವ್ಯರ್ಥವಾಗುತ್ತದೆ. ಆದುದರಿಂದ ಮೊದಲು ಮೀನನ್ನು ಕಚ್ಚಿ ವಿಷದಿಂದ ನಿಶ್ಚೇಷ್ಟಗೊಳಿಸಿ, ಅನಂತರ ತನಗಿಂತ ದೊಡ್ಡದಾದ ಆ ಹೊರೆಯನ್ನು ದಂಟಿನ ಮೇಲಕ್ಕೋ ದಡಕ್ಕೋ ಎಳೆದೊಯ್ಯುತ್ತದೆ. ಮನುಷ್ಯರಿಗೆ ಮಾತ್ರ ತೆಪ್ಪಜೇಡದಿಂದ ಯಾವ ಅಪಾಯವೂ ಇಲ್ಲ. ಯಾರಾದರೂ ಹತ್ತಿರ ಬಂದರೆ ಅದು ದಂಟನ್ನು ಹಿಡಿದುಕೊಂಡು ಸರ್ರನೆ ನೀರಿನೊಳಕ್ಕೆ ಇಳಿದುಬಿಡುತ್ತದೆ. ಮೈಯ ಕೂದಲಿನ ನಡುವೆ ಸಿಕ್ಕಿಕೊಂಡ ಗಾಳಿ ಬೆಳ್ಳಿಯ ಕವಚದಂತೆ ಹೊಳೆಯುತ್ತದೆ. ಆ ಗಾಳಿಯನ್ನೇ ಉಸಿರಾಡುತ್ತ ಅದು ಅಪಾಯ ಕಳೆಯುವವರೆಗೆ ಅಡಗಿರುತ್ತದೆ.

ಇದೇ ಉಪಾಯವನ್ನು ಇನ್ನೂ ಮುಂದಕ್ಕೆ ಒಯ್ದ ಜೇಡವೊಂದು ಯೂರೋಪು ಮತ್ತು ಏಷ್ಯದ ಕೊಳಗಳಲ್ಲಿದೆ. ಅದು ತನ್ನ ಇಡೀ ಬಾಳನ್ನು ನೀರಿನೊಳಗೇ ಕಳೆಯುತ್ತದೆ. ನೀರಿನ ಗಿಡಗಳ ನಡುವೆ ನೂಲಿನ ಗುಮ್ಮಟವೊಂದನ್ನು ಕಟ್ಟಿ, ಮೇಲಿನಿಂದ ಗಾಳಿಯ ಗುಳ್ಳೆಗಳನ್ನು ಹೊತ್ತು ತಂದು ತುಂಬಿ, ಆ ಗಾಳಿಯ ಮನೆಯಲ್ಲಿ ಸಂಸಾರ ಹೂಡುತ್ತದೆ. ೨೦೧೧ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಆ ಗುಮ್ಮಟವು ಬರಿಯ ಗಾಳಿಯ ಉಗ್ರಾಣವಲ್ಲ, ಮೀನಿನ ಕಿವಿರಿನಂತೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ತಾನಾಗಿಯೇ ಸೆಳೆದುಕೊಳ್ಳುತ್ತದೆ. ಅಲುಗದೆ ಕುಳಿತಿದ್ದರೆ ಜೇಡವು ದಿನಕ್ಕೊಮ್ಮೆ ಮೇಲೆ ಬಂದರೂ ಸಾಕು. ತೆಪ್ಪಜೇಡಕ್ಕೆ ಇಷ್ಟು ಸೌಕರ್ಯವಿಲ್ಲ. ನೀರಿನ ಮೇಲೂ ಅಲ್ಲದೆ ಕೆಳಗೂ ಅಲ್ಲದೆ, ಎರಡೂ ಕೂಡುವ ಗೆರೆಯೇ ಅದರ ಮನೆ. ಆ ಗೆರೆ ಕೆಳಗಿಳಿದರೆ ಮನೆಯೇ ಇಳಿದಂತೆ.

ತಾಯಿಯ ಕಾವಲು

ಇದು ಚೆನ್ನಾಗಿ ಮನಸ್ಸಿಗೆ ಬರುವುದು ಹೆಣ್ಣುಜೇಡದ ತಾಯ್ತನವನ್ನು ನೋಡಿದಾಗ. ನೂರಾರು ಮೊಟ್ಟೆಗಳನ್ನು ನೂಲಿನ ದುಂಡನೆಯ ಚೀಲವೊಂದರಲ್ಲಿ ಸುತ್ತಿ, ಅದನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಹೊಟ್ಟೆಯಡಿಯಲ್ಲಿ ಇರಿಸಿಕೊಂಡು ತಾಯಿ ಸುಮಾರು ಮೂರು ವಾರ ತಿರುಗುತ್ತದೆ. ಹೋದಲ್ಲೆಲ್ಲ ಚೀಲವೂ ಜೊತೆಗೆ. ಬಿಸಿಲಿಗೆ ಮೊಟ್ಟೆಗಳು ಒಣಗಬಾರದೆಂದು ನಡುನಡುವೆ ನೀರಿಗಿಳಿದು ಚೀಲವನ್ನು ಅದ್ದಿಕೊಂಡು ಬರುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ನೀರಿನಿಂದ ಮೇಲೆದ್ದ ಗಿಡದ ತುದಿಯಲ್ಲಿ ನೂಲಿನ ಡೇರೆಯೊಂದನ್ನು ಕಟ್ಟುತ್ತದೆ. ಬೇಟೆಗೆ ಬಲೆ ನೇಯದ ಜೇಡ ನೂಲನ್ನು ಧಾರಾಳವಾಗಿ ಖರ್ಚು ಮಾಡುವುದು ಇಲ್ಲಿ, ಮಕ್ಕಳಿಗಾಗಿ. ಚೀಲವನ್ನು ಆ ಡೇರೆಯೊಳಗೆ ತೂಗುಹಾಕಿ, ಮರಿಗಳು ಚೆದರಿಹೋಗುವವರೆಗೆ ಹಲವು ದಿನ ಪಕ್ಕದಲ್ಲಿಯೇ ಕಾವಲು ಕೂರುತ್ತದೆ.

ಹೀಗೆ ಮೊಟ್ಟೆಯನ್ನು ತೋಯಿಸಲು ನೀರು ಬೇಕು; ಡೇರೆಯ ಕಂಬಗಳಾಗುವ ಜೊಂಡು ಬೆಳೆಯಲು ನೀರು ಬೇಕು; ಚೆದರಿದ ಮರಿಗಳು ಬೇಟೆ ಕಲಿಯಲು ನೀರು ಬೇಕು. ಅದೂ ನಡುಬೇಸಗೆಯಲ್ಲಿ, ಕೊಳಗಳು ಸಾಮಾನ್ಯವಾಗಿ ಇಳಿಯುವ ತಿಂಗಳುಗಳಲ್ಲಿ. ವರ್ಷವೆಲ್ಲ ನೀರಿದ್ದು ಜುಲೈ ತಿಂಗಳಿನಲ್ಲಿ ಮಾತ್ರ ಇಲ್ಲವಾದರೂ ಆ ವರ್ಷದ ಸಂತಾನಕ್ಕೆ ಅದೇ ಕೊನೆ. ಮರಿಯೊಂದು ಬಲಿತು ತಾಯಿಯಾಗಲು ಎರಡು ವರ್ಷ ಬೇಕು. ಬೆನ್ನುಬೆನ್ನಿಗೆ ಎರಡು ಮೂರು ಬೇಸಗೆಗಳು ಒಣಗಿದರೆ ವಂಶವೇ ಬರಿದಾಗುವುದರಲ್ಲಿ ಅಚ್ಚರಿಯೇನಿದೆ?

ಬಡವರ ಜೌಗು

ತೆಪ್ಪಜೇಡಕ್ಕೆ ಶಾಸ್ತ್ರದಲ್ಲಿ ಸ್ಥಾನ ದೊರೆತದ್ದು ಬಹಳ ಹಿಂದೆ. ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ಎಂಬುವರು ೧೭೫೭ರಲ್ಲಿ ತಮ್ಮ ದೇಶದ ಜೇಡಗಳನ್ನು ಕುರಿತು ಅಚ್ಚು ಹಾಕಿಸಿದ ಗ್ರಂಥದಲ್ಲಿಯೇ ಅದರ ವರ್ಣನೆಯಿದೆ. ಆದರೆ ಬ್ರಿಟನ್ನಿನಲ್ಲಿ ಅದು ಇದೆಯೆಂದು ಗೊತ್ತಾಗಲು ಮತ್ತೂ ಇನ್ನೂರು ವರ್ಷ ಹಿಡಿಯಿತು. ಅದನ್ನು ಬಹುವಾಗಿ ಹೋಲುವ ಇನ್ನೊಂದು ಜಾತಿ ಅಲ್ಲಿದ್ದುದು ಇದಕ್ಕೊಂದು ಕಾರಣ. ಸೂಕ್ಷ್ಮದರ್ಶಕದ ಸಹಾಯವಿಲ್ಲದೆ ಇವೆರಡನ್ನೂ ನಿಸ್ಸಂದೇಹವಾಗಿ ಬೇರ್ಪಡಿಸುವುದು ಕಷ್ಟ. ೧೯೫೬ರಲ್ಲಿ ಎರಿಕ್ ಡಫಿ ಎಂಬ ಜೇಡತಜ್ಞರು ಇಂಗ್ಲೆಂಡಿನ ಪೂರ್ವಭಾಗದ ರೆಡ್‌ಗ್ರೇವ್–ಲೋಫಮ್ ಎಂಬ ಜೌಗು ನೆಲದಲ್ಲಿ ತೆಪ್ಪಜೇಡವನ್ನು ಕಂಡುಹಿಡಿದರು.

ಸಫಕ್ ಮತ್ತು ನಾರ್ಫಕ್ ಎಂಬ ಎರಡು ಜಿಲ್ಲೆಗಳ ಗಡಿಯಲ್ಲಿ, ಮುನ್ನೂರು ಎಕರೆಗೂ ಮಿಕ್ಕಿ ಹರಡಿರುವ ಈ ಜೌಗು ವೇವ್ನಿ ನದಿಯ ಉಗಮಸ್ಥಾನ. ಸತ್ತ ಗಿಡಗಳು ನೀರಿನಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಒಂದರ ಮೇಲೊಂದು ಕೂಡಿ, ಕಪ್ಪಾದ ಮೆತ್ತನೆಯ ನೆಲವಾಗಿ ನಿಂತಿವೆ. ಇದಕ್ಕೆ ‘ಪೀಟ್’ ಎಂದು ಹೆಸರು. ಒಣಗಿಸಿದರೆ ಅದು ಸೌದೆಯಂತೆ ಉರಿಯುತ್ತದೆ. ಸುತ್ತಲ ಹಳ್ಳಿಗಳ ಬಡವರು ತಲೆಮಾರುಗಳ ಕಾಲ ಇಲ್ಲಿ ಪೀಟನ್ನು ಅಗೆದು ಒಲೆಗೆ ಒಯ್ದರು. ಜೊಂಡನ್ನು ಕೊಯ್ದು ಮನೆಗೆ ಹೊದಿಸಿದರು. ಅವರು ಅಗೆದ ಗುಂಡಿಗಳಲ್ಲಿ ನೀರು ನಿಂತು ಕೊಳಗಳಾದವು. ಕೊಯ್ಲಿನಿಂದ ಪೊದೆಗಳು ಬೆಳೆಯದೆ ಬಿಸಿಲು ನೀರಿನವರೆಗೆ ಇಳಿಯುತ್ತಿತ್ತು. ಜೇಡಕ್ಕೆ ಬೇಕಾದದ್ದು ಇವೆರಡೇ. ಹೀಗೆ ಬಡವರ ಒಲೆಯ ಅಗತ್ಯವೇ, ಯಾರೂ ಉದ್ದೇಶಿಸದೆ, ಈ ಜೇಡಕ್ಕೆ ಮನೆಯನ್ನು ಒದಗಿಸಿಕೊಟ್ಟಿತ್ತು.

ಈ ನೆಲಕ್ಕೆ ನೀರು ಬರುತ್ತಿದ್ದುದು ಮುಗಿಲಿನಿಂದ ಮಾತ್ರವಲ್ಲ. ಇಂಗ್ಲೆಂಡೆಂದರೆ ಸದಾ ಮಳೆಯ ನಾಡೆಂಬ ಭಾವನೆಯುಂಟು. ಆದರೆ ಅದರ ಪೂರ್ವಭಾಗವು ಬ್ರಿಟನ್ನಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಜೌಗಿನ ಅಡಿಯಲ್ಲಿ ಸೀಮೆಸುಣ್ಣದ ಕಲ್ಲಿನ ದಪ್ಪನೆಯ ಪದರವಿದೆ. ಸ್ಪಂಜಿನಂತೆ ನೀರನ್ನು ಹಿಡಿದಿಟ್ಟುಕೊಂಡ ಆ ಪದರದಿಂದ ಒತ್ತಡಕ್ಕೆ ಸಿಕ್ಕಿದ ನೀರು ಬುಗ್ಗೆಬುಗ್ಗೆಯಾಗಿ ಮೇಲಕ್ಕೆ ಏಳುತ್ತಿತ್ತು. ಮಳೆ ಬರಲಿ ಬಿಡಲಿ, ನಡುಬೇಸಗೆಯಲ್ಲಿಯೂ ಕೊಳಗಳು ತುಂಬಿಯೇ ಇರುತ್ತಿದ್ದವು.

ಕೊಳವೆಬಾವಿ

ಡಫಿಯವರು ಜೇಡವನ್ನು ಕಂಡುಹಿಡಿದ ಆಸುಪಾಸಿನ ವರ್ಷಗಳಲ್ಲಿಯೇ ಜೌಗಿನ ಪಕ್ಕದಲ್ಲಿ, ಸುತ್ತಲ ಊರುಗಳಿಗೆ ನೀರು ಒದಗಿಸುವುದಕ್ಕಾಗಿ ಕೊಳವೆಬಾವಿಯೊಂದನ್ನು ತೋಡಲಾಯಿತು. ಕೊಳವೆಬಾವಿಯ ಮಹಿಮೆಯನ್ನು ಕೋಲಾರ, ಬೆಂಗಳೂರಿನ ಜನರಿಗೆ ವಿವರಿಸಬೇಕಾಗಿಲ್ಲ. ಆ ಬಾವಿಯನ್ನು ತೋಡಿದವರು ದುಷ್ಟರಲ್ಲ. ಜನ ಹೆಚ್ಚಿದ್ದರು; ಮನೆಮನೆಗೆ ನಲ್ಲಿ ಬಂದಿತ್ತು; ಕುಡಿಯಲು, ಬೇಯಿಸಲು, ಬಟ್ಟೆ ಒಗೆಯಲು ಒಳ್ಳೆಯ ನೀರು ಬೇಕಾಗಿತ್ತು. ನೆಲದಡಿಯ ನೀರು ಕಣ್ಣಿಗೆ ಕಾಣುವಂಥದಲ್ಲ. ಅದನ್ನು ಯಾರಾದರೂ ಆಗಲೇ ಕುಡಿಯುತ್ತಿದ್ದಾರೆಯೇ ಎಂಬ ಪ್ರಶ್ನೆ ಏಳಲೂ ಇಲ್ಲ.

ಪಂಪು ವರ್ಷಗಟ್ಟಲೆ ನಡೆಯಿತು. ಸೀಮೆಸುಣ್ಣದ ಪದರದಲ್ಲಿ ಒತ್ತಡ ಇಳಿಯಿತು. ಮೇಲಕ್ಕೆ ಏಳುತ್ತಿದ್ದ ಬುಗ್ಗೆಗಳು ನಿಂತವು. ಬಳಿಕ ಜೌಗಿನ ನೀರೇ ಕೆಳಕ್ಕೆ ಇಂಗತೊಡಗಿತು. ೧೯೭೬ರ ದೊಡ್ಡ ಬರಗಾಲದಂಥ ವರ್ಷಗಳಲ್ಲಿ ಪರಿಸ್ಥಿತಿ ಮತ್ತಷ್ಟು ವಿಷಮಿಸಿತು. ಒಣಗಿದ ಪೀಟಿಗೆ ಗಾಳಿ ತಾಗಿ ಅದು ಕೊಳೆತು ಪುಡಿಯಾಯಿತು. ಒಲೆಗೆ ಪೀಟೂ ಸೂರಿಗೆ ಜೊಂಡೂ ಬೇಡವಾದ ಮೇಲೆ ಕೊಯ್ಲುಗಾರರೂ ಬರುವುದನ್ನು ಬಿಟ್ಟಿದ್ದರು. ಜೌಗಿನ ಮೇಲೆ ಪೊದೆಯೂ ಮರವೂ ನುಗ್ಗಿ ಬೆಳೆದು ಕೊಳಗಳಿಗೆ ನೆರಳು ಕವಿಸಿದವು. ಒಂದು ಕಾಲಕ್ಕೆ ಜೌಗಿನಲ್ಲೆಲ್ಲ ಓಡಾಡಿದ್ದ ಜೇಡ ಕೆಲವೇ ಕೊಳಗಳ ಅಂಚಿಗೆ ಸೇರಿಕೊಂಡಿತು. ಕಾನೂನು ಅದರ ಪರವಾಗಿಯೇ ಇತ್ತು. ೧೯೮೧ರ ವನ್ಯಜೀವಿ ಶಾಸನದ ಮೇರೆಗೆ ಅದಕ್ಕೆ ರಕ್ಷಣೆ ದೊರೆತು, ಅದನ್ನು ಕೊಲ್ಲುವುದೂ ಹಿಡಿಯುವುದೂ ಅಪರಾಧವಾಯಿತು. ಆದರೆ ಅದನ್ನು ಕೊಲ್ಲುತ್ತಿದ್ದುದು ಕೈಯೂ ಅಲ್ಲ, ಕೋಲೂ ಅಲ್ಲ. ಬಾಯಾರಿಕೆಯನ್ನು ತಡೆಯುವ ಕಲಮು ಯಾವ ಶಾಸನದಲ್ಲಿದೆ? ಕೊಳಗಳನ್ನು ಇನ್ನೂ ಆಳಕ್ಕೆ ಅಗೆದು ಜೇಡವನ್ನು ಹೇಗೋ ಜೀವದಿಂದ ಇರಿಸಿಕೊಳ್ಳುವ ಪ್ರಯತ್ನ ನಡೆಯಿತು.

ಈ ನಡುವೆ ೧೯೮೮ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹತ್ತಿರದ ಪೆವೆನ್ಸಿ ಬಯಲಿನ ಕಾಲುವೆಗಳಲ್ಲಿ ಇದೇ ಜೇಡ ಕಂಡುಬಂತು. ೨೦೦೩ರಲ್ಲಿ ವೇಲ್ಸಿನ ಸ್ವಾನ್ಸಿ ಬಳಿಯ ಹಳೆಯ ನಾಲೆಯೊಂದರಲ್ಲಿಯೂ ಅದು ಸಿಕ್ಕಿತು. ಇಡೀ ಬ್ರಿಟನ್ನಿನಲ್ಲಿ ತೆಪ್ಪಜೇಡಕ್ಕೆ ಆಗ ಇದ್ದ ನೆಲೆಗಳು ಈ ಮೂರೇ.

ನೀರು ಮರಳಿತು, ಜೇಡ ಮರಳಲಿಲ್ಲ

ಜನರಿಗೂ ನೀರು ಬೇಕು, ಜೌಗಿಗೂ ನೀರು ಬೇಕು. ಈ ವ್ಯಾಜ್ಯ ಬಹುಕಾಲ ನಡೆದು ಕೊನೆಗೆ ಪರಿಹಾರ ದೊರೆತದ್ದು ಯಾರ ಬಾಯಿಂದಲೂ ನೀರನ್ನು ಕಿತ್ತುಕೊಂಡಲ್ಲ. ಜೌಗಿನಿಂದ ದೂರದಲ್ಲಿ, ಅದಕ್ಕೆ ಬಾಧೆ ತಟ್ಟದಂಥ ಎಡೆಯಲ್ಲಿ ಬೇರೆ ಬಾವಿಯನ್ನು ತೋಡಿ, ೧೯೯೯ರಲ್ಲಿ ಹಳೆಯ ಪಂಪನ್ನು ನಿಲ್ಲಿಸಲಾಯಿತು. ಕೆಟ್ಟುಹೋಗಿದ್ದ ಪೀಟಿನ ಮೇಲ್ಪದರವನ್ನು ಯಂತ್ರಗಳಿಂದ ಕೆರೆದು ತೆಗೆದರು, ಪೊದೆಗಳನ್ನು ಕಡಿದರು, ಅವು ಮತ್ತೆ ಚಿಗುರದಂತೆ ಮೇಯಲು ಪೋಲೆಂಡಿನ ಗಟ್ಟಿಮುಟ್ಟಾದ ಕುಳ್ಳ ಕುದುರೆಗಳನ್ನು ಬಿಟ್ಟರು. ಬಾವಿಯ ಸ್ಥಳಾಂತರವೂ ಸೇರಿದಂತೆ ಈ ದುರಸ್ತಿಗೆ ಮೂವತ್ತು ಲಕ್ಷ ಪೌಂಡುಗಳಿಗೂ ಮಿಕ್ಕಿ ಹಣ ಹಿಡಿಯಿತು. ಹಿಂದೆ ಬಾವಿ ತೋಡುವಾಗ ಸ್ಥಳವನ್ನು ತುಸು ಯೋಚಿಸಿ ಆರಿಸಿದ್ದರೆ ಉಳಿಯಬಹುದಾಗಿದ್ದ ಹಣವಿದು.

ಬುಗ್ಗೆಗಳು ಮತ್ತೆ ಎದ್ದವು, ಕೊಳಗಳು ತುಂಬಿದವು, ಜೊಂಡು ಚಿಗುರಿತು. ಇನ್ನೇನು, ಜೇಡವೂ ಹಬ್ಬುತ್ತದೆ ಎಂದು ಎಲ್ಲರೂ ಕಾದರು. ವರ್ಷಗಳು ಕಳೆದವು. ಜೇಡ ಮಾತ್ರ ತಾನು ಬದುಕುಳಿದ ಒಂದೆರಡು ಎಡೆಗಳನ್ನು ಬಿಟ್ಟು ಹೆಚ್ಚು ದೂರ ಸರಿಯಲಿಲ್ಲ. ನೀರಿನ ಅಂಚಿನಲ್ಲಿಯೇ ಬಾಳುವ ಪ್ರಾಣಿಗೆ ಕೊಳಕೊಳದ ನಡುವಣ ಒಣನೆಲವು ಸುಲಭವಾಗಿ ದಾಟುವಂಥದಲ್ಲ. ಬರ ಬಂದರೆ, ಬೇನೆ ಬಂದರೆ, ಅಳಿದುಳಿದ ಆ ಸಂತತಿ ಒಂದೇ ಏಟಿಗೆ ಇಲ್ಲವಾಗುವ ಭಯವಿತ್ತು. ಹೊಸ ಊರುಗಳಿಗೆ ಅದನ್ನು ಯಾರಾದರೂ ಎತ್ತಿಕೊಂಡೇ ಹೋಗಬೇಕಾಗಿತ್ತು.

ಅಡಿಗೆಮನೆಯ ಮಕ್ಕಳು

ಆ ಹೊಣೆಯನ್ನು ಹೊತ್ತವರು ಹೆಲೆನ್ ಸ್ಮಿತ್ ಎಂಬ ವಿಜ್ಞಾನಿ. ವರ್ಷಗಳ ಕಾಲ ಈ ಜೇಡವನ್ನು ಅಭ್ಯಾಸ ಮಾಡಿದ್ದ ಅವರು ಮರಿಗಳನ್ನು ಸಾಕಲು ಆರಿಸಿಕೊಂಡ ಸ್ಥಳ ತಮ್ಮ ಮನೆಯ ಅಡಿಗೆಮನೆ! ಮರಿಗಳನ್ನು ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿಂದುಹಾಕುತ್ತವೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಬಳಸುವ ಗಾಜಿನ ನಳಿಕೆಗಳಲ್ಲಿ ಒಂದೊಂದಕ್ಕೆ ಒಂದೊಂದು ಮರಿಯನ್ನು ಇರಿಸಿ, ತಳದಲ್ಲಿ ತುಸು ನೀರು ಬಿಟ್ಟು, ಬಾಯಿಗೆ ಹತ್ತಿ ತುರುಕಿ, ಹಣ್ಣಿನ ಮೇಲೆ ಮುಸುರುವ ಸಣ್ಣ ನೊಣಗಳನ್ನು ಕೈಯಾರೆ ಉಣಿಸಿ ಬೆಳೆಸಿದರು. ಹಾಗೆ ಬೆಳೆದ ಮರಿಗಳ ಸಂಖ್ಯೆ ಹತ್ತಲ್ಲ ನೂರಲ್ಲ, ಸಾವಿರಾರು. ಹಾಲು ಉಕ್ಕದಂತೆ ನೋಡಿಕೊಳ್ಳುವ ಕಣ್ಣು ನಳಿಕೆಗಳ ಸಾಲಿನ ಮೇಲೂ ಇರಬೇಕಾದ ಅಡಿಗೆಮನೆಯನ್ನು ಗೃಹಿಣಿಯರೇ ಊಹಿಸಿಕೊಳ್ಳಬೇಕು. ಮುಂದೆ ಚೆಸ್ಟರ್ ಮುಂತಾದ ಕಡೆಯ ಮೃಗಾಲಯಗಳವರೂ ಈ ಕೆಲಸದಲ್ಲಿ ಕೈಜೋಡಿಸಿದರು.

ತಾಯಿಯ ಡೇರೆಯಲ್ಲಿ ಹುಟ್ಟಿದ ನೂರಾರು ಮರಿಗಳ ಪೈಕಿ ಬಯಲಿನಲ್ಲಿ ಬದುಕಿ ಬಲಿಯುವಂಥವು ಬೆರಳೆಣಿಕೆಯಷ್ಟು. ನಳಿಕೆಯಲ್ಲಿ ಮೊದಲ ಕೆಲವು ತಿಂಗಳನ್ನು ಕಳೆದವಾದರೋ ಬಹುಪಾಲು ಉಳಿದುಕೊಂಡವು. ೨೦೧೦ರಲ್ಲಿ ಮೊದಲ ತಂಡವನ್ನು ಅದೇ ವೇವ್ನಿ ನದಿಯ ಕೆಳಗಣ ಕಣಿವೆಯ ಕ್ಯಾಸಲ್ ಮಾರ್ಷಸ್ ಎಂಬ ಜೌಗಿನ ಕಾಲುವೆಗಳಿಗೆ ಒಯ್ದು ಬಿಡಲಾಯಿತು. ಅನಂತರದ ವರ್ಷಗಳಲ್ಲಿ ಹತ್ತಿರದ ಕಾರ್ಲ್ಟನ್ ಜೌಗಿಗೂ ಯೇರ್ ನದಿಯ ಕಣಿವೆಗೂ ಮರಿಗಳು ಹೋದವು. ಈ ಸಲ ಅವು ಕೈಕೊಡಲಿಲ್ಲ. ಬಿಟ್ಟ ಜೇಡಗಳು ಬಲಿತವು, ಡೇರೆಗಳನ್ನು ಕಟ್ಟಿದವು, ಅವುಗಳ ಮಕ್ಕಳು ಮೊಮ್ಮಕ್ಕಳು ಕಾಲುವೆಯಿಂದ ಕಾಲುವೆಗೆ ಸಾಗಿ, ಯಾರೂ ಒಯ್ದು ಬಿಡದ ಎಡೆಗಳನ್ನೂ ತಾವಾಗಿಯೇ ಸೇರಿದವು. ಬಲಿತ ಹೆಣ್ಣುಗಳ ಸಂಖ್ಯೆ ಈಗ ಹಲವು ಸಾವಿರವೆಂದು ಅಂದಾಜಿದೆ.

ಒಳ್ಳೆಯ ಸುದ್ದಿಗೂ ಹೆದರಿಕೆಯ ಉಡುಪು ತೊಡಿಸುವವರಿಗೆ ಯಾವ ದೇಶದಲ್ಲಿಯೂ ಕೊರತೆಯಿಲ್ಲ. ೨೦೨೪ರಲ್ಲಿ ಜೇಡದ ಚೇತರಿಕೆಯ ವಿಷಯ ಪ್ರಕಟವಾದಾಗ ಕೆಲವು ಪತ್ರಿಕೆಗಳು ‘ಇಲಿಯಷ್ಟು ದೊಡ್ಡ ಜೇಡಗಳು’ ಬರುತ್ತಿವೆಯೆಂದು ತಲೆಬರಹ ಕೊಟ್ಟವು. ಎರಡು ಸೆಂಟಿಮೀಟರಿಗೆ ತುಸು ಮಿಕ್ಕಿದ ಮೈಯ, ಮನುಷ್ಯರ ಸುಳಿವು ಕಂಡರೆ ನೀರಿಗಿಳಿದು ಅವಿತುಕೊಳ್ಳುವ ಪ್ರಾಣಿಗೆ ಇಂಥ ಕೀರ್ತಿ! ತೆಪ್ಪಜೇಡವು ನೀರನ್ನು ಬಿಟ್ಟು ಯಾರ ಮನೆಗೂ ಬರುವುದಿಲ್ಲ. ಅಲ್ಲಿ ಅದಕ್ಕೆ ಕೆಲಸವೂ ಇಲ್ಲ.

ಬೇಸಗೆಯಲ್ಲಿ ಕಾರ್ಲ್ಟನ್ ಜೌಗಿಗೆ ಹೋದವರು ಕಾಲುವೆಯ ಬದಿಯಲ್ಲಿ ಸದ್ದಿಲ್ಲದೆ ನಿಂತು ನೋಡಿದರೆ, ನೀರಿನ ಗಿಡಗಳ ಮುಳ್ಳಂಚಿನ ಎಲೆಗಳ ನಡುವೆ ಬಿಸಿಲಿಗೆ ಮಿನುಗುವ ನೂಲಿನ ಡೇರೆಗಳು ಕಾಣುತ್ತವೆ. ಒಂದೊಂದರ ಪಕ್ಕದಲ್ಲಿಯೂ ಕೆನೆಪಟ್ಟೆಯ ತಾಯಿಯೊಂದು ಕಾವಲಿರುತ್ತದೆ. ಇತ್ತ ರೆಡ್‌ಗ್ರ‍ೇವ್ ಸುತ್ತಲ ಊರುಗಳಲ್ಲಿ ನಲ್ಲಿ ತಿರುಗಿಸಿದರೆ ಮೊದಲಿನಂತೆಯೇ ನೀರು ಬರುತ್ತದೆ. ಬಾವಿಯ ಸ್ಥಳ ಬದಲಾದದ್ದು ಕೊಡ ತುಂಬುವವರಿಗೆ ತಿಳಿಯುವುದಿಲ್ಲ. ಜೇಡಕ್ಕೆ ಮಾತ್ರ ಅದರಿಂದ ಬೇಸಗೆಯ ನೀರು ಉಳಿದಿದೆ.